ತೊಳೆದ ಕೈಯೂ ಮೊಹರಾದ ಭರಣಿಯೂ

ಫಲೋತ್ಪನ್ನ ಶುಚಿತ್ವ ಮಂಡಳಿಯ ಹಿರಿಯ ಪರಿವೀಕ್ಷಕರಾದ ಮಾನ್ಯರೇ,

ಮೊದಲಿಗೆ ನಮಸ್ಕಾರ. ನಮ್ಮ ಕಡೆ ಹೆಂಗಸರು ಸಾಷ್ಟಾಂಗ ಹಾಕುವ ರೂಢಿಯಿಲ್ಲ. ಇದ್ದಿದ್ದರೆ ಸಂಸೆಯ ಮಿಡಿ ಉಪ್ಪಿನಕಾಯಿ ಮಹಿಳಾ ಸಂಘದ ಕಾರ್ಯದರ್ಶಿಯಾದ ಸುಶೀಲಾ ಎಂಬ ನಾನು, ಸಂಘದ ಅಷ್ಟೂ ಹೆಂಗಸರ ಪರವಾಗಿ, ತಮ್ಮ ಜೀಪು ತಿರುಗಿ ಹೋದ ಹಾದಿಯಲ್ಲೇ ಅದನ್ನೂ ಹಾಕಿಬಿಡುತ್ತಿದ್ದೆ. ಇತ್ತ ನಾವು ಕ್ಷೇಮ. ತಾವೂ, ತಮ್ಮ ಕುಟುಂಬದವರೂ, ವಿಶೇಷವಾಗಿ ತಮ್ಮ ಬಲಗೈಯೂ ಕ್ಷೇಮದಿಂದಿರುವುದಾಗಿ ನಂಬಿದ್ದೇವೆ. ಕಛೇರಿಯ ವಿಳಾಸಕ್ಕೆ ಬರೆದದ್ದಕ್ಕೆ ಉತ್ತರ ಬಾರದ್ದರಿಂದ, ತಮ್ಮಂಥವರ ಕೀರ್ತಿ ಒಂದು ಕಡತದೊಳಗೆ ಧೂಳು ತಿನ್ನುತ್ತ ಕೂರುವುದು ನ್ಯಾಯವಲ್ಲವೆಂದು ಈ ಸಲ ಹತ್ತು ಜನ ಓದುವಂತೆ ಬರೆಯುತ್ತಿದ್ದೇನೆ. ತಪ್ಪೇನಾದರೂ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ತಾವು ನೋಡುವ ಘಟಕಗಳ ಗದ್ದಲದಲ್ಲಿ ನಮ್ಮ ನೆನಪು ಇರಲಾರದು. ಕಳಸದಿಂದ ಕುದುರೆಮುಖದ ಕಡೆಗೆ ಬರುವ ರಸ್ತೆಯಲ್ಲಿ, ರಕ್ತ ಹೀರುವ ಇಂಬಳವೊಂದು ಯಾವ ಅನುಮತಿಯನ್ನೂ ಪಡೆಯದೆ ತಮ್ಮ ಸಾಕ್ಸಿನೊಳಗೆ ಪ್ರವೇಶಿಸಿತಲ್ಲ, ಆ ಊರಿನವರು ನಾವು. ಬೇಸಗೆಯಲ್ಲಿ ಕಾಡುಮಾವಿನ ಮಿಡಿ ಕೊಯಿಸಿ ಉಪ್ಪಿನಕಾಯಿ ಹಾಕುವುದು ನಮ್ಮ ಕೆಲಸ. ಬಾಳೂರಿನ ಪ್ಲಾಂಟರ್ ಓಂಕಾರಮೂರ್ತಿಯವರಿಗೆ ನಮ್ಮೂರಿನಲ್ಲೊಂದು ಕಾಫಿ ತೋಟವಿದೆ. ಅದರ ಕೊನೆಯಲ್ಲಿ, ಹೊಳೆಯ ಬದಿಗೆ, ಒಂದು ಜೀರಿಗೆ ಮಿಡಿಯ ಮರವಿತ್ತು. ಮಿಡಿಯ ತೊಟ್ಟು ಮುರಿದರೆ ಸಾಕು, ಜೀರಿಗೆ ಹುರಿದ ಪರಿಮಳ ಬರುತ್ತಿತ್ತು. ಸುತ್ತಮುತ್ತ ಇನ್ನು ಯಾವ ಮರಕ್ಕೂ ಆ ಪರಿಮಳವಿರಲಿಲ್ಲ, ಅದರದೇ ಗೊರಟು ನೆಟ್ಟು ಬೆಳೆಸಿದ ಗಿಡಗಳಿಗೂ ಬರಲಿಲ್ಲ. ನಮ್ಮ ಉಪ್ಪಿನಕಾಯಿಗೆ ಹೆಸರು ಬಂದಿದ್ದರೆ ಅದು ಆ ಮರದಿಂದ.

ಕಾಫಿಯ ರೇಟು ನೆಲ ಕಚ್ಚಿದ ಕಾಲವದು. ತೋಟದವರೆಲ್ಲ ತಲೆಯೆತ್ತಿ ನೆರಳಿನ ಮರಗಳನ್ನು ನೋಡತೊಡಗಿದ್ದರು. ಓಂಕಾರಮೂರ್ತಿಯವರ ಮನೆಗೂ ಮರದ ಕಂಟ್ರಾಕ್ಟರು ಬಂದು ಕಾಫಿ ಕುಡಿದು ಹೋಗುತ್ತಿದ್ದ. ನಾವು ಹೋಗಿ ಕೇಳಿಕೊಂಡಾಗ ಅವರು, "ನಂಗೇನು ಮರ ಕಡಿಯೋ ಚಟ ಇಲ್ಲ ಸುಶೀಲಮ್ಮ. ನಿಮ್ಮ ಉಪ್ಪಿನಕಾಯಿ ಪೇಟೆ ಸೇರಿ ಮಿಡಿಗೊಂದು ಬೆಲೆ ಅಂತ ಬಂದ್ರೆ ಮರ ಅಲ್ಲೇ ಇರ್ಲಿ. ಇಲ್ದಿದ್ರೆ ದೀಪಾವಳಿ ಕಳೆದ್ಮೇಲೆ ಕೊಟ್ಟುಬಿಡ್ತೇನೆ, ಆಮೇಲೆ ನನ್ನ ಬೈಬೇಡಿ" ಎಂದು ನೇರವಾಗಿ ಹೇಳಿದರು. ಮಂಗಳೂರಿನ ದೊಡ್ಡ ಅಂಗಡಿಯೊಂದು ನಮ್ಮ ಬಾಟಲಿಗಳನ್ನು ಇಡಲು ಒಪ್ಪಿತ್ತು, ಲೇಬಲ್ಲಿನ ಮೇಲೆ ತಮ್ಮ ಮಂಡಳಿಯ ಪರವಾನಗಿ ನಂಬರು ಇರಬೇಕೆಂಬ ಒಂದೇ ಷರತ್ತಿನ ಮೇಲೆ. ಹೀಗಾಗಿ ನಮ್ಮಜ್ಜಿಯ ಕಾಲದ ಮರವೊಂದರ ಆಯುಷ್ಯ ತಮ್ಮ ಸಹಿಗಾಗಿ ಕಾಯುತ್ತ ನಿಂತಿತು.

ತಮ್ಮ ಮಂಡಳಿ ಕಳಿಸಿದ ಸೂಚನೆಗಳನ್ನು ನಾವು ಕಣ್ಣಿಗೊತ್ತಿಕೊಂಡು ಪಾಲಿಸಿದೆವು. ಗೋಡೆಗೆ ಬಿಳಿ ಟೈಲ್ಸ್ ಹಾಕಿಸಿದೆವು, ಕಿಟಕಿಗೆ ಬಲೆ ಹೊಡೆಸಿದೆವು. ತಲೆಗೆ ಟೋಪಿ ಬೇಕೆಂದದ್ದಕ್ಕೆ ಟೋಪಿಯನ್ನೂ ಹಾಕಿಕೊಂಡೆವು. ಆ ವೇಷದಲ್ಲಿ ನಮ್ಮ ಸಂಘದ ರಂಗಮ್ಮನವರನ್ನು ಕಂಡು ಅವರು ಸಾಕಿದ ನಾಯಿಯೇ ಗುರುತು ಸಿಗದೆ ಬೊಗಳಿತು. ಬಾಗಿಲ ಬಳಿ ಕೈ ತೊಳೆಯಲು ಬೇಸಿನ್ ಕೂರಿಸಿದೆವು. ಅದರ ಪಕ್ಕ ತೂಗುಹಾಕಿದ್ದ ಟವಲನ್ನು ತೆಗೆದೂ ಬಿಟ್ಟೆವು, ಏಕೆಂದರೆ ಬಟ್ಟೆಯಲ್ಲಿ ಕ್ರಿಮಿಗಳು ಮನೆ ಮಾಡುವುದರಿಂದ ಟವಲು ನಿಷಿದ್ಧ, ತೊಳೆದ ಕೈ ಗಾಳಿಗೆ ತಾನಾಗಿಯೇ ಒಣಗತಕ್ಕದ್ದು ಎಂದು ಸೂಚನೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಇದನ್ನು ಬರೆದ ಮಹನೀಯರು ಯಾವ ಬಿಸಿಲು ಸೀಮೆಯವರೋ ತಿಳಿಯದು. ಆಷಾಢದಲ್ಲಿ ನಮ್ಮೂರಿನಲ್ಲಿ ಒಗೆದ ಬಟ್ಟೆಯನ್ನು ಒಲೆಯ ಮೇಲೆ ವಾರಗಟ್ಟಲೆ ತೂಗಿದರೂ ಹೊಗೆಯ ವಾಸನೆ ಹತ್ತುತ್ತದೆಯೇ ಹೊರತು ಒಣಗುವುದಿಲ್ಲ. ತೊಳೆದ ಕೈ ಗಾಳಿಗೆ ಒಣಗಬೇಕಾದರೆ ಕಾರ್ತಿಕದವರೆಗೆ ಎತ್ತಿ ಹಿಡಿದುಕೊಂಡೇ ನಿಂತಿರಬೇಕು. ಆದರೂ ಸರ್ಕಾರಿ ಕಾಗದದಲ್ಲಿ ಬರೆದದ್ದು ಸುಳ್ಳಿರಲಾರದೆಂದು ಸುಮ್ಮನಾದೆವು.

ಅಂಥ ಆಷಾಢದ ಒಂದು ಬೆಳಿಗ್ಗೆ ತಾವು ದಯಮಾಡಿಸಿದಿರಿ. ಬೇಸಿನ್ನಿನ ಮುಂದೆ ನಿಂತು, ತೋಳು ಮಡಚಿ, ಸೋಪು ಹಚ್ಚಿ, ಬೆರಳ ಸಂದಿಯಿಂದ ಮೊಣಕೈಯವರೆಗೆ ಹೇಗೆ ತೊಳೆಯಬೇಕೆಂದು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಪಾಠ ಮಾಡಿದಿರಿ. ಹುಟ್ಟಿದಾಗಿನಿಂದ ಪಾತ್ರೆ, ಬಟ್ಟೆ, ಮಕ್ಕಳು, ದನದ ಕೆಚ್ಚಲು ಎಲ್ಲವನ್ನೂ ತೊಳೆಯುತ್ತ ಬಂದ ನಮಗೆ ಕೈ ತೊಳೆಯಲು ಬರುವುದಿಲ್ಲವೆಂಬುದು ಗೊತ್ತಾದದ್ದು ಅಂದೇ. ಆಮೇಲೆ ಎರಡೂ ಕೈಗಳನ್ನು ಮುಂದೆ ಚಾಚಿಕೊಂಡು, ಬೆರಳ ತುದಿಯಿಂದ ನೀರು ತೊಟ್ಟಿಕ್ಕಿಸುತ್ತ, ಭರಣಿಗಳ ಕೋಣೆಗೆ ಬಂದಿರಿ. ರಂಗಮ್ಮನವರು ತಡೆಯಲಾರದೆ "ಕೈ ಒರ್ಸ್ಕೊಳ್ಳಿ ಸಾರ್" ಎಂದು ತಮ್ಮ ಒಣ ಸೆರಗಿನ ತುದಿಯನ್ನು ಮುಂದೆ ಮಾಡಿದರು. ತಾವು ನಕ್ಕು, "ಇದೇ ನೋಡಿ ನಿಮ್ಮ ಹಳ್ಳಿಯೋರ ಪ್ರಾಬ್ಲಮ್ಮು" ಎಂದಿರಿ. ಸಾಹೇಬರು ನಕ್ಕರೆಂದು ನಾವೂ ನಕ್ಕೆವು.

ಉಪ್ಪಿನಕಾಯಿಯ ಭರಣಿಗೆ ನಮ್ಮಲ್ಲೊಂದು ಮಡಿಯುಂಟು. ಅದರ ಬಾಯಿ ಬಿಚ್ಚುವವರು ಒಬ್ಬರೇ, ನಮ್ಮ ಸಂಘದಲ್ಲಿ ಆ ಹೊಣೆ ಕೃಷ್ಣಮ್ಮನವರದು. ಅವರು ಒಣ ಬಟ್ಟೆಯಲ್ಲಿ ಕೈ ಒರೆಸಿಕೊಂಡು, ಒಲೆಯ ಬದಿಗಿಟ್ಟು ಕಾಯಿಸಿದ ಚಿಪ್ಪಿನ ಸೌಟಿನಲ್ಲಿ ಬೇಕಾದಷ್ಟು ತೆಗೆದು, ತಕ್ಷಣ ಬಾಯಿ ಕಟ್ಟುತ್ತಾರೆ. ನೀರಿನ ಹನಿ ಬಿದ್ದರೆ ಇಡೀ ಭರಣಿ ಬೂಷ್ಟು ಹಿಡಿಯುತ್ತದೆಂದು ನಮ್ಮೂರಿನ ಮಕ್ಕಳಿಗೂ ಗೊತ್ತು. ಬೆನ್ನಿಗೆ ಪೆಟ್ಟು ತಿಂದು ಕಲಿತ ವಿದ್ಯೆಯದು. ಕೃಷ್ಣಮ್ಮನವರು ಹೊಳೆಬದಿ ಮರದ ಮಿಡಿ ತುಂಬಿದ ದೊಡ್ಡ ಭರಣಿಯ ಬಾಯಿ ಬಿಚ್ಚಿ, ತಮಗೊಂದು ಮಿಡಿ ತೆಗೆದುಕೊಡಲೆಂದು ಸೌಟು ಹಿಡಿದು ಬಗ್ಗುವಷ್ಟರಲ್ಲಿ, ತಾವು ಅವರನ್ನು ದಾಟಿ ಕೈ ಹಾಕಿಯೇಬಿಟ್ಟಿರಿ. ಮೇಲಿನ ಮಿಡಿಗಳು ಮನಸ್ಸಿಗೆ ಬಾರದೆ, ಮಣಿಕಟ್ಟು ಮುಳುಗುವವರೆಗೆ ಇಳಿಸಿ ಅಡಿಯಿಂದ ಒಂದನ್ನು ಹುಡುಕಿ ತೆಗೆದಿರಿ.

ಆಗ ನೀವೇಕೆ ಕೂಗಲಿಲ್ಲ ಎಂದು ತಾವು ಕೇಳಬಹುದು. ಮಾನ್ಯರೇ, ಮನೆಗೆ ಬಂದವರ ಕೈ ತಿನ್ನುವ ಪದಾರ್ಥದಲ್ಲಿರುವಾಗ ಅದನ್ನು ತೆಗೆಯಿರಿ ಎನ್ನುವ ಬಾಯಿ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಬಂದವರು ಬಡಿಸಿದ ಎಲೆಯನ್ನು ತುಳಿದರೂ "ಅಡ್ಡಿಲ್ಲ ಬನ್ನಿ" ಎನ್ನುವ ಜನ ನಾವು. ತಾವು ಮಿಡಿ ಕಚ್ಚಿ ಕಣ್ಣು ಮುಚ್ಚಿ "ಆಹಾ" ಎಂದಾಗ, ಎದೆಯೊಳಗೆ ಬೆಂಕಿ ಬಿದ್ದಿದ್ದ ಕೃಷ್ಣಮ್ಮನವರ ಬಾಯಿಂದ ಬಂದ ಮಾತು, "ಇನ್ನೊಂದು ತಗೊಳ್ಳಿ ಸಾರ್, ಒಂಟಿ ತಿನ್ಬಾರ್ದು" ಎಂಬುದು. ಅತಿಥಿಗೆ ಒಂದೇ ಒಂದನ್ನು ಕೊಡಬಾರದೆಂಬ ಪದ್ಧತಿ ಅವರ ನಾಲಿಗೆಯನ್ನು ಅಷ್ಟು ಗಟ್ಟಿಯಾಗಿ ಹಿಡಿದಿತ್ತು. ತಾವು ಸಂತೋಷದಿಂದ ಇನ್ನೊಂದನ್ನೂ ತೆಗೆದುಕೊಂಡಿರಿ, ಅದೇ ಕೈಯಲ್ಲಿ.

ಅಷ್ಟಕ್ಕೇ ಮುಗಿದಿದ್ದರೆ, ತಮ್ಮ ಜೀಪು ತಿರುವು ದಾಟುವ ಮೊದಲೇ ಮಿಡಿಗಳನ್ನು ಬೇರೆ ಮಾಡಿ, ರಸ ಕುದಿಸಿ ಆರಿಸಿ, ಹೊಸದಾಗಿ ಉಪ್ಪು ಸಾಸಿವೆ ಹಾಕಿ ಹೇಗಾದರೂ ಉಳಿಸಿಕೊಳ್ಳುತ್ತಿದ್ದೆವು. ಆದರೆ ತಮ್ಮ ಕರ್ತವ್ಯನಿಷ್ಠೆ ಅಷ್ಟಕ್ಕೆ ನಿಲ್ಲುವಂಥದ್ದಲ್ಲ. ಪರೀಕ್ಷೆಗೆ ಇದೇ ಭರಣಿಯೆಂದು ಆರಿಸಿ, ಬಾಯಿ ಕಟ್ಟಿಸಿ, ಅರಗು ಸುರಿದು ಮಂಡಳಿಯ ಮೊಹರು ಒತ್ತಿ, "ನಾನು ಬರೋವರೆಗೆ ಯಾರೂ ಮುಟ್ಟೋ ಹಾಗಿಲ್ಲ, ಮುಟ್ಟಿದ್ರೆ ಕೇಸಾಗ್ತದೆ" ಎಂದು ಅಪ್ಪಣೆ ಕೊಟ್ಟಿರಿ. ಅದೇ ಮರದ ಮಿಡಿಯಿದ್ದ ಪಕ್ಕದ ಸಣ್ಣ ಭರಣಿಯಿಂದ ಎರಡು ಬಾಟಲಿ ತುಂಬಿಸಿ ಸ್ಯಾಂಪಲ್ಲೆಂದು ಒಯ್ದಿರಿ. ಕೃಷ್ಣಮ್ಮನವರು ದಿನವೂ ಬಂದು ಮೊಹರಾದ ಭರಣಿಯ ಮುಂದೆ ಕೂತು ಎದ್ದು ಹೋಗುತ್ತಿದ್ದರು. ಸ್ವಲ್ಪ ದಿನಕ್ಕೆಲ್ಲ ಬಟ್ಟೆಯಾಚೆಗೂ ಹುಳಿ ವಾಸನೆ ಬರತೊಡಗಿತು. ಕಣ್ಣೆದುರೇ ಕೆಡುತ್ತಿರುವುದನ್ನು ಕಾನೂನುಬದ್ಧವಾಗಿ ಕಾವಲು ಕಾಯುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ, ಅದನ್ನು ಒದಗಿಸಿದ್ದಕ್ಕೆ ಕೃತಜ್ಞರಾಗಿದ್ದೇವೆ.

ಭಾದ್ರಪದದಲ್ಲಿ ತಾವು ಬಂದು ಮೊಹರು ಒಡೆದಾಗ, ಬಿಳಿ ಬೆಕ್ಕೊಂದು ಒಳಗೆ ಮುದುಡಿ ಮಲಗಿದಂತೆ ಭರಣಿಯ ತುಂಬ ಬೂಷ್ಟು. ತಾವು ತಟ್ಟನೆ ಜೇಬಿನಿಂದ ಕರವಸ್ತ್ರ ತೆಗೆದು ಮೂಗಿಗೆ ಹಿಡಿದಿರಿ. ತಮ್ಮ ಬಳಿ ಒಣ ಬಟ್ಟೆಯೊಂದು ಇರುತ್ತದೆಂದು ನಮಗೆ ತಿಳಿದದ್ದು ಆಗಲೇ. ಪಕ್ಕದ ಭರಣಿಗಳನ್ನಾದರೂ ನೋಡಿ ಎಂದು ನಾನು ಕೈಮುಗಿದೆ. ಮೊಹರಿಲ್ಲದ ಭರಣಿಗಳು ಪರೀಕ್ಷೆಗೆ ಇಲ್ಲದ ಲೆಕ್ಕವೆಂದು ತಾವು ವಿವರಿಸಿದಿರಿ. ಇಲ್ಲದ ಆ ಭರಣಿಗಳಲ್ಲಿ ಉಪ್ಪಿನಕಾಯಿ ಇಂದಿಗೂ ಹಾಳಾಗದೆ ಕೂತಿದೆ. ಆಮೇಲೆ ಬಂದ ವರದಿಯಲ್ಲಿ, ಘಟಕದ ಹೆಂಗಸರ ಕೈಶುಚಿತ್ವ ತೃಪ್ತಿಕರವಾಗಿಲ್ಲವಾದ್ದರಿಂದ ಪರವಾನಗಿ ನಿರಾಕರಿಸಲಾಗಿದೆ, ಮುಂದಿನ ವರ್ಷ ಮತ್ತೆ ಅರ್ಜಿ ಸಲ್ಲಿಸಬಹುದು ಎಂದಿತ್ತು. ಮಂಗಳೂರಿನ ಅಂಗಡಿಯವರು ಅದನ್ನು ಓದಿ ಬಾಗಿಲು ಹಾಕಿಕೊಂಡರು.

ಈ ಸಂದರ್ಭದಲ್ಲಿ ತಮ್ಮ ಪಾದಗಳಲ್ಲಿ ಕೆಲವು ಬಿನ್ನಹಗಳಿವೆ. ಆಷಾಢದ ಗಾಳಿಗೆ ಮಂಡಳಿಯಿಂದ ಒಂದು ನೋಟೀಸು ಜಾರಿ ಮಾಡಿ, ಅಧಿಕಾರಿಗಳ ಕೈಗಳನ್ನು ನಿಗದಿತ ವೇಳೆಯೊಳಗೆ ಒಣಗಿಸುವಂತೆ ಆಜ್ಞಾಪಿಸಬೇಕು. ಬೂಷ್ಟು ಯಾವ ಪರವಾನಗಿಯ ಮೇಲೆ ಬೆಳೆಯಿತೆಂದು ವಿಚಾರಣೆ ನಡೆಸಬೇಕು. ನಮ್ಮ ಕಾಡಿನ ಮುಸುವ ಕೋತಿಗಳು ಕೈ ತೊಳೆಯದೆ, ಟೋಪಿಯನ್ನೂ ಹಾಕದೆ ಮಿಡಿ ಕಿತ್ತು ತಿನ್ನುತ್ತಿರುವುದರಿಂದ ಅವಕ್ಕೊಂದು ತರಬೇತಿ ಶಿಬಿರ ಏರ್ಪಡಿಸಿದರೆ ಉಪಕಾರವಾಗುತ್ತದೆ, ಮರಮರಕ್ಕೂ ಬೇಸಿನ್ ಕೂರಿಸುವ ಕೆಲಸ ನಾವು ನೋಡಿಕೊಳ್ಳುತ್ತೇವೆ. ಇನ್ನು ನಮ್ಮ ಅಜ್ಜಿಯಂದಿರು ಟೈಲ್ಸಿಲ್ಲದ ಮಣ್ಣಿನ ಗೋಡೆಯ ಅಡುಗೆಮನೆಯಲ್ಲಿ ಉಪ್ಪಿನಕಾಯಿ ಹಾಕಿ, ವರ್ಷಗಟ್ಟಲೆ ಕೆಡದಂತೆ ಇಟ್ಟ ಅಪರಾಧಕ್ಕೆ ಏನು ಶಿಕ್ಷೆಯೆಂದು ತಿಳಿಸಬೇಕು. ಅವರು ತೀರಿಕೊಂಡಿದ್ದಾರೆ, ಆದರೂ ದಂಡವನ್ನು ನಾವು ಅನುಭವಿಸುತ್ತಲೇ ಇದ್ದೇವೆ.

ದೀಪಾವಳಿ ಕಳೆಯಿತು. ಓಂಕಾರಮೂರ್ತಿಯವರು ಆಡಿದ ಮಾತಿಗೆ ತಪ್ಪುವವರಲ್ಲ, ಕಂಟ್ರಾಕ್ಟರನ ಲಾರಿ ಬಂತು. ಅವನ ಆಳುಗಳ ಕೈಯನ್ನು ಯಾರೂ ತೊಳೆಸಿ ನೋಡಲಿಲ್ಲ. ಮರ ಬೀಳುವಾಗ ನಾವ್ಯಾರೂ ಹೋಗಲಿಲ್ಲ, ಸದ್ದು ಮಾತ್ರ ಊರಿಗೆಲ್ಲ ಕೇಳಿಸಿತು. ಆಮೇಲೆ ಕೃಷ್ಣಮ್ಮನವರು ಹೋಗಿ, ಬಿದ್ದ ಕೊಂಬೆಯ ಒಂದು ಚಿಗುರು ಮುರಿದು ಮೂಸಿ ನೋಡಿ ಮನೆಗೆ ಬಂದರು. ನನಗೆ ಸಿಟ್ಟಿದೆ ಮಾನ್ಯರೇ, ಇನ್ನೂ ಇಳಿದಿಲ್ಲ. ತಾವು ದೊಡ್ಡವರೆಂದು ವಿನಯದಲ್ಲಿ ಅದ್ದಿ ಬರೆಯುತ್ತಿದ್ದೇನೆ, ಅಷ್ಟೆ. ಮುಂದಿನ ವರ್ಷ ಅರ್ಜಿ ಸಲ್ಲಿಸಬಹುದೆಂದು ಬರೆದಿದ್ದೀರಿ, ಮಿಡಿ ಎಲ್ಲಿಂದ ತರಬೇಕೆಂದು ಬರೆದಿಲ್ಲ.

ಪುನರ್ಪುಳಿ, ಅಂಬಟೆ, ನೇರಳೆ, ಹಲಸು ಎಂದು ಈ ಘಟ್ಟದಲ್ಲಿ ಇನ್ನೂ ಎಷ್ಟೋ ಹಣ್ಣುಗಳಿವೆ. ತಮ್ಮ ಸೇವೆ ಅವುಗಳಿಗೂ ದೊರೆಯಲಿ ಎಂದು ಹಾರೈಸುವಷ್ಟು ಧೈರ್ಯ ಸಾಲದೆ ಇಲ್ಲಿಗೆ ನಿಲ್ಲಿಸುತ್ತೇನೆ.

ಇಂತು, ಕೈ ಒರೆಸಿಕೊಂಡು ಸಹಿ ಮಾಡಿರುವ
ತಮ್ಮ ವಿಶ್ವಾಸಿ,
ಸುಶೀಲಾ
ಸಂಸೆ

ತಾ.ಕ.: ತಮ್ಮ ಜೀಪಿನ ಚಾಲಕರಾದ ರೇವಣ್ಣನವರು ಮೊನ್ನೆ ಕಳಸಕ್ಕೆ ಬಂದವರು ನಮ್ಮಲ್ಲಿಗೂ ಬಂದಿದ್ದರು. ತಾವು ಒಯ್ದ ಸ್ಯಾಂಪಲ್ಲಿನ ಎರಡೂ ಬಾಟಲಿ ತಮ್ಮ ಮನೆಯಲ್ಲಿ ಗಂಜಿಯೂಟಕ್ಕೆ ಖಾಲಿಯಾದವಂತೆ. ತಮ್ಮ ಮಾತೃಶ್ರೀಯವರು ಪ್ರತಿ ಸಲವೂ ಚಮಚವನ್ನು ಸೆರಗಿನಲ್ಲಿ ಒರೆಸಿಯೇ ಬಾಟಲಿಗೆ ಹಾಕುತ್ತಿದ್ದರಂತೆ, ಮನೆಯಲ್ಲಿ ಬೇರೆ ಯಾರನ್ನೂ, ತಮ್ಮನ್ನು ಸಹ, ಮುಟ್ಟಗೊಡುತ್ತಿರಲಿಲ್ಲವಂತೆ. ಕೊನೆಯ ಮಿಡಿಯವರೆಗೂ ಬೂಷ್ಟಿನ ಸುಳಿವಿರಲಿಲ್ಲವಂತೆ. "ಅದೇ ಮರದ್ದು ವರ್ಷವೂ ನಮಗೆ ಎರಡು ಬಾಟ್ಲಿ ತೆಗೆದಿಡ್ಲಿಕ್ಕೆ ಹೇಳು" ಎಂದು ಅವರು ಹೇಳಿ ಕಳಿಸಿದ್ದಾರೆ. ಈ ವರ್ಷದ ಎರಡು ಬಾಟಲಿಯನ್ನು ರೇವಣ್ಣನವರ ಕೈಯಲ್ಲಿ ಕೊಟ್ಟಿದ್ದೇವೆ. ವಯಸ್ಸಾದವರ ಮನಸ್ಸು ನೋಯಿಸಬಾರದೆಂದು ಮರದ ಸುದ್ದಿ ಮಾತ್ರ ಹೇಳಲಿಲ್ಲ. ಅದನ್ನು ತಾವೇ ಅವರಿಗೆ ಹೇಳಬೇಕು.