ಹಾಯಿದೋಣಿಯಲ್ಲಿ ಕೂತ ಒಂದು ಟನ್ ತಂಪಿಗೆ

ಸನ್ಮಾನ್ಯ ಒಂದು ಟನ್ ಹವಾನಿಯಂತ್ರಕ ಮಹಾಶಯರೇ,

ಮಾನ್ಯರೇ, ತಮಗೂ, ತಮ್ಮ ಒಳಗಿನ ಪೆಟ್ಟಿಗೆಗೂ, ಹೊರಗಿನ ಪೆಟ್ಟಿಗೆಗೂ, ಇವೆರಡರ ನಡುವೆ ಸಂಬಂಧ ಕುದುರಿಸಿದ ತಾಮ್ರದ ಕೊಳವೆಗೂ, ತಮ್ಮ ಹಿಂದೆ ಬೀಗರಂತೆ ಬಂದಿಳಿದ ಸ್ಟೆಬಿಲೈಸರಿಗೂ ನನ್ನ ಗೌರವಪೂರ್ವಕ ನಮಸ್ಕಾರಗಳು. ತಾವು ಕ್ಷೇಮವೇ ಎಂದು ನಾನು ಕೇಳುವುದಿಲ್ಲ, ಯಾಕೆಂದರೆ ತಮ್ಮ ಕ್ಷೇಮವೊಂದಕ್ಕಾಗಿಯೇ ನಮ್ಮ ಇಡೀ ಕುಟುಂಬ ಈ ಬೇಸಿಗೆಯೆಲ್ಲ ದುಡಿದಿದೆ.

ಬರೆಯುತ್ತಿರುವವಳು ಯಾರೆಂದು ಮೊದಲು ತಿಳಿಸುವುದು ಉಚಿತ. ನಾನು ತುಳಸಾಬಾಯಿ, ವಯಸ್ಸು ಅರವತ್ತೊಂಬತ್ತು, ರಾಯಚೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೆಟ್ರಿಕ್ ಪರೀಕ್ಷೆಯನ್ನು ಒಂದೇ ಸಲಕ್ಕೆ ಪಾಸು ಮಾಡಿದವಳು. ಮದುವೆಯಾಗಿ ಹೈದರಾಬಾದಿಗೆ ಬಂದು ನಲವತ್ತೆಂಟು ವರ್ಷವಾಯಿತು. ಕಾಚಿಗುಡದ ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಹಾಕುವ ದಿನದಿಂದ ಹಿಡಿದು ಮದುವೆ ಗೊತ್ತುಮಾಡುವ ದಿನದವರೆಗೆ ನನ್ನನ್ನು ಕೇಳದೆ ಏನೂ ಆಗುವುದಿಲ್ಲ. ನಮ್ಮ ಓಣಿಗೆ ಬರುವ ನೀರಿನ ಟ್ಯಾಂಕರಿನ ಡ್ರೈವರ್ ಕೂಡ ನಾನು ಬಾಗಿಲಲ್ಲಿ ನಿಂತಿದ್ದರೆ ಹಾರ್ನ್ ಬಾರಿಸುವುದಿಲ್ಲ. ಇಷ್ಟು ವರ್ಷಗಳಲ್ಲಿ ನನ್ನ ಒಂದು ಮಾತೂ ನೆಲಕ್ಕೆ ಬಿದ್ದಿಲ್ಲ. ಒಂದು ಮಾತ್ರ ನೀರಿಗೆ ಬಿತ್ತು, ಮತ್ತು ಮಾನ್ಯರೇ, ಅದನ್ನು ಹಿಂಬಾಲಿಸಿ ತಾವೂ ಬಿದ್ದಿರಿ.

ವಿಷಯವನ್ನು ಮೊದಲಿನಿಂದ ಹೇಳುತ್ತೇನೆ. ನಮ್ಮ ಮನೆಯವರು ಹುಸೇನ್ ಸಾಗರದ ಎದುರಿಗಿದ್ದ ಒಂದು ಸರ್ಕಾರಿ ಕಚೇರಿಯ ಮೂರನೇ ಅಂತಸ್ತಿನಲ್ಲಿ ಮೂವತ್ತೊಂದು ವರ್ಷ ನಕಾಶೆ ಬರೆದರು. ಅವರ ಮೇಜು ಕಿಟಕಿಯ ಪಕ್ಕಕ್ಕಿತ್ತು, ಆದರೆ ಫೈಲುಗಳು ಹಾರಿ ಹೋಗುತ್ತವೆಂದು ಆ ಕಿಟಕಿಯನ್ನು ಯಾವ ಸಾಹೇಬರೂ ತೆರೆಯಗೊಡಲಿಲ್ಲ. ಹಾಗಾಗಿ ಅವರು ಕೆರೆಯನ್ನೂ, ಕೆರೆಯ ಮೇಲೆ ಓಡಾಡುವ ಬಿಳಿ ಹಾಯಿಗಳನ್ನೂ ಮೂವತ್ತೊಂದು ವರ್ಷ ಗಾಜಿನ ಈಚೆಯಿಂದ ನೋಡಿದರು. ಒಂದು ಸಲ ಹಾಯಿದೋಣಿಯಲ್ಲಿ ಕೂರಬೇಕೆಂಬುದು ಅವರ ಆಸೆ. ನಡುನೀರಿನಲ್ಲಿ ಬುದ್ಧ ಬಂದು ನಿಂತ ಮೇಲೆ ಆ ಆಸೆಗೆ ಒಂದು ಗುರಿಯೂ ಸಿಕ್ಕಿತು: ಹಾಯಿದೋಣಿಯಲ್ಲಿ ಬುದ್ಧನಿಗೆ ಒಂದು ಸುತ್ತು. ಚಿನ್ನ ಕೇಳಿದವರಲ್ಲ, ಊರು ನೋಡಬೇಕೆಂದವರಲ್ಲ, ಕೇಳಿದ್ದು ಇದೊಂದೇ. ಅದನ್ನೂ ಹಬ್ಬಕ್ಕೊಮ್ಮೆ, ಹೋಳಿಗೆ ತಿನ್ನುವಾಗ, ನಗುತ್ತ ಹೇಳುತ್ತಿದ್ದರು.

ಕಳೆದ ದೀಪಾವಳಿಗೆ ಅವರ ಎದೆಯಲ್ಲಿ ಎರಡು ಸ್ಟೆಂಟ್ ಕೂತವು. ಬಿಸಿಲಿಗೆ ಹೋಗಕೂಡದೆಂದು ಡಾಕ್ಟರು ಹೇಳಿದರು. ಆಸ್ಪತ್ರೆಯಲ್ಲಿ ತಮ್ಮ ಕುಲಬಾಂಧವರು ಬಾಗಿಲ ಬಾಗಿಲ ಮೇಲೂ ಇದ್ದರು, ಅವರ ತಂಪಿನಲ್ಲಿ ನಾನು ನಾಲ್ಕು ದಿನ ಒಂದು ಕಬ್ಬಿಣದ ಕುರ್ಚಿಯ ಮೇಲೆ ಕೂತೆ. ಅದರ ಬಗ್ಗೆ ಇಷ್ಟೇ ಬರೆಯುತ್ತೇನೆ.

ಇಂಥದ್ದರಲ್ಲಿ ನಮ್ಮ ಮಗ ವಿಶ್ವಜಿತ್, ಸನತ್‌ನಗರದಲ್ಲಿ ತಗಡಿನ ಕೆಲಸದ ಸಣ್ಣ ಕಾರ್ಖಾನೆ ನಡೆಸುವವನು, ಶಿವರಾತ್ರಿಯ ಮರುದಿನ ಬಂದು, ಯಾರೋ ಬಿಟ್ಟು ಹೋದ ಹಳೆಯ ಹಾಯಿದೋಣಿಯೊಂದು ಸಿಕ್ಕಿದೆಯೆಂದೂ, ಸಣ್ಣ ಕೋಣೆಯೂ ಇದೆಯೆಂದೂ, ಅಪ್ಪನನ್ನು ಕೂರಿಸಿಕೊಂಡು ಹೋಗಲೇ ಎಂದೂ ಕೇಳಿದ. ನಾನು ರೊಟ್ಟಿ ಬಡಿಯುತ್ತಿದ್ದೆ. ತಲೆ ಎತ್ತದೆ, “ಹೌದೌದು, ಎ.ಸಿ. ಕೂಡಿಸು ಆ ದೋಣಿಗೆ, ಆಮ್ಯಾಲೆ ಕಳಸ್ತೀನಿ” ಎಂದೆ.

ಮಾನ್ಯರೇ, ನಮ್ಮ ಕಡೆ ಇದಕ್ಕೆ ಇಲ್ಲ ಎಂದು ಅರ್ಥ. ನಮ್ಮ ಅತ್ತೆಯವರು ನಾನು ತವರಿಗೆ ಹೋಗುತ್ತೇನೆಂದಾಗಲೆಲ್ಲ ಬೇವಿನ ಮರ ಮಾವಿನಹಣ್ಣು ಬಿಡಲಿ, ಬುಟ್ಟಿ ತುಂಬಿಕೊಂಡು ಹೋಗು ಎನ್ನುತ್ತಿದ್ದರು. ನಾನು ಬೇವಿನ ಮರಕ್ಕೆ ನೀರು ಹಾಕುತ್ತ ಕೂರಲಿಲ್ಲ. ಆದರೆ ವಿಶ್ವಜಿತ್‌ನನ್ನು ಬೆಳೆಸಿದವಳು ನಾನು, ಬಿಗಿಯಾಗಿ ಬೆಳೆಸಿದೆ. ಅವನು ಏಳು ವರ್ಷದವನಿದ್ದಾಗ ಬಾಯಿ ಮುಚ್ಚಿಕೊಂಡು ಊಟ ಮಾಡು ಎಂದಿದ್ದಕ್ಕೆ, ಹೇಗೆ ಮಾಡುವುದೆಂದು ತಟ್ಟೆ ನೋಡುತ್ತ ಅರ್ಧ ತಾಸು ಕೂತಿದ್ದವನು. ಹನ್ನೊಂದು ದಿನ ಬಿಟ್ಟು ಬಂದು ಹೇಳಿದ: “ಅವ್ವಾ, ನೀ ಹೇಳಿದಂಗ ಆತು ನೋಡು. ದೋಣಿಗೆ ಎ.ಸಿ. ಕೂಡಿಸೀವಿ. ಅಪ್ಪನ್ನ ಯಾವಾಗ ಕಳಸ್ತಿ?”

ರೊಟ್ಟಿ ಸೀದು ಹೋಯಿತು. ಮಾತು ಹಿಂದಕ್ಕೆ ತೆಗೆದುಕೊಳ್ಳುವುದು ನನಗೆ ಗೊತ್ತಿಲ್ಲದ ಕೆಲಸವಾದ್ದರಿಂದ ಪೂಜೆಗೆ ಹೊರಟೆ.

ತಮ್ಮನ್ನು ಪ್ರತಿಷ್ಠಾಪಿಸಿದವನು ಸೇಡಂ ಕಡೆಯ ಭೀಮಾಶಂಕರ, ತಮ್ಮ ಜಾತಿಯ ಯಂತ್ರಗಳಿಗೆ ನಗರವಿಡೀ ಬೇಕಾದ ಮೇಸ್ತ್ರಿ. ಅವನು ನನ್ನ ಕಾಲಿಗೆ ನಮಸ್ಕರಿಸಿ ಎದ್ದು ಹೇಳಿದ: “ಅವ್ವಾರ, ಮಾದಾಪುರದಾಗ ಇಪ್ಪತ್ತನೇ ಅಂತಸ್ತಿಗೆ ಸೊಂಟಕ್ಕ ಹಗ್ಗ ಕಟಗೊಂಡು ಕೂಡಿಸೀನ್ರಿ. ಆದ್ರ ಅಳ್ಳಾಡೋ ಮನಿಗೆ ಇದ ಮೊದಲ್ರಿ. ಸ್ಕ್ರೂ ಹಾಕಾಕ ಹ್ವಾದ್ರ ಗೋಡಿನ ಹಿಂದಕ್ಕ ಸರೀತಿತ್ರಿ.” ನಾನು ದೋಣಿಗೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದೆ. ಗಾಲಿಯ ಕೆಳಗೆ ಇಡಬೇಕಾದ ನಿಂಬೆಹಣ್ಣನ್ನು, ಗಾಲಿ ಇಲ್ಲದ ಕಾರಣ, ತಮ್ಮ ತಲೆಯ ಮೇಲೆ ಇಟ್ಟೆವು. ಅದು ಉರುಳಿ ಕೆರೆಗೆ ಬಿತ್ತು. ಬುದ್ಧಿ ಇದ್ದ ನಿಂಬೆಹಣ್ಣು.

ಆಗ ಮೊಮ್ಮಗಳು ತನ್ವಿ, ಹದಿನಾರರವಳು, ಮೂರು ವರ್ಷದಿಂದ ಅದೇ ಕೆರೆಯಲ್ಲಿ ಹಾಯಿ ಬಿಡುವುದನ್ನು ಕಲಿತು ಪದಕ ತಂದವಳು, ಶುಭಕಾರ್ಯವಾಯಿತು, ಅಜ್ಜನ ಹೆಸರು ಹೇಳು ಎಂದು ಹಟ ಹಿಡಿದಳು. ನಮ್ಮಲ್ಲಿ ಹೆಂಗಸರು ಗಂಡನ ಹೆಸರನ್ನು ಹಾಗೆಯೇ ನುಡಿಯುವುದಿಲ್ಲ. ಮದುವೆ ಮುಂಜಿಗಳಲ್ಲಿ ಒಡಪು ಕಟ್ಟಿ, ಪ್ರಾಸದೊಳಗೆ ಕೂರಿಸಿ ಹೇಳುತ್ತೇವೆ. “ಮೊದಲ ದೋಣಿ ನಡೀಲಿ, ಆಮ್ಯಾಲೆ ಹೇಳ್ತೀನಿ” ಎಂದೆ. ನೋಡಿ, ಮತ್ತೆ ಒಂದು ಮಾತು.

ದೋಣಿ ನಡೆಯಲಿಲ್ಲ. ನಡೆಯದಿರಲು ತಾವು ಪಟ್ಟ ಶ್ರಮವನ್ನು ಮೆಚ್ಚದೆ ಇರಲಾರೆ. ತಮ್ಮ ಉಸಿರಾಟಕ್ಕೆ ಕರೆಂಟು ಬೇಕಾದ್ದರಿಂದ ದಂಡೆಯ ಕಂಬದಿಂದ ಅರವತ್ತು ಅಡಿ ಹಳದಿ ವಾಯರು ಎಳೆದು ತಮಗೆ ಕಟ್ಟಿದರು. ಹೀಗೆ ಹಗ್ಗದಿಂದ ಬಿಚ್ಚಬಹುದಾಗಿದ್ದ ದೋಣಿಯನ್ನು ತಾವು ವಿದ್ಯುಚ್ಛಕ್ತಿಯಿಂದ ಬಿಗಿದಿರಿ. ತಮ್ಮ ಹೊರಗಿನ ಪೆಟ್ಟಿಗೆಯನ್ನು ಹಿಂಭಾಗದ ಎಡಕ್ಕೆ ಕೂರಿಸಿದ ಕೂಡಲೇ ದೋಣಿ ಎಡಕ್ಕೆ ವಾಲಿತು. ಅದನ್ನು ಸರಿದೂಗಿಸಲು ನನ್ನ ಉಗ್ರಾಣದ ಒಂದು ಮೂಟೆ ಸೋನಾ ಮಸೂರಿ ಅಕ್ಕಿ ಬಲಕ್ಕೆ ಹೋಯಿತು. ಹಾಯಿ ಎತ್ತಿದರೆ ಅದರ ಕೆಳಗಿನ ಅಡ್ಡಕೋಲು ತಮ್ಮ ಪೆಟ್ಟಿಗೆಗೆ ಬಡಿಯುತ್ತಿತ್ತಾದ್ದರಿಂದ ಹಾಯಿ ಎತ್ತುವುದನ್ನೇ ಬಿಟ್ಟರು, ಮತ್ತು ಆ ಪೆಟ್ಟಿಗೆಗೆ ಬಿಸಿಲು ತಾಗಬಾರದೆಂದು, ಮಾನ್ಯರೇ, ಆ ಹಾಯಿಯನ್ನೇ ತಮಗೆ ಹೊದಿಸಿದರು. ಗಾಳಿಯಿಂದ ನಡೆಯಬೇಕಾದ ದೋಣಿಯ ಕಿಟಕಿಗಳಿಗೆಲ್ಲ ಗಾಳಿ ನುಸುಳದಂತೆ ಥರ್ಮಾಕೋಲು ತುರುಕಿ ಟೇಪು ಸುತ್ತಿದರು, ಒಂದು ಗಾಜನ್ನು ಮಾತ್ರ ಬಿಟ್ಟರು. ಚುಕ್ಕಾಣಿ ಹಿಡಿದು ಕೂರುವ ಜಾಗಕ್ಕೆ ತಾವು ಒಳಗಿನ ಸೆಕೆಯನ್ನೆಲ್ಲ ಉಗುಳುತ್ತಿದ್ದಿರಿ, ಅಲ್ಲಿ ಕೂತ ತನ್ವಿ ಐದು ನಿಮಿಷಕ್ಕೆ ಎದ್ದು, “ಅಜ್ಜಿ, ಇದು ಬೋಟ್ ಅಲ್ಲ, ಫ್ರಿಜ್ ಐತಿ. ಅಜ್ಜನ್ನ ಒಳಗ ಗಜ್ಜರಿ ಇಟ್ಟಂಗ ಇಟ್ಟೀರಿ, ನನ್ನ ಹೊರಗ ಹಪ್ಪಳದಂಗ ಸುಡಾಕತ್ತೀರಿ” ಎಂದಳು.

ಇನ್ನು ತಮ್ಮಿಂದ ತೊಟ್ಟಿಕ್ಕುವ ನೀರು. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಮನೆಯವಳಾದ ನಾನು ಎ.ಸಿ.ಯ ನೀರನ್ನು ಚೆಲ್ಲಗೊಡುವವಳಲ್ಲ. ಮನೆಯಲ್ಲಿ ಅದಕ್ಕೊಂದು ಬಕೆಟು ಇದೆ, ತುಳಸಿಕಟ್ಟೆಗೆ ಆ ನೀರೇ. ಪೈಪನ್ನು ಒಳಗೇ ಬಿಡಿಸು, ನೀರು ಪೋಲಾಗಬಾರದು ಎಂದು ಭೀಮಾಶಂಕರನಿಗೆ ಹೇಳಿದವಳು ನಾನೇ, ಸುತ್ತಲೂ ಒಂದು ಇಡೀ ಕೆರೆ ಇತ್ತೆಂಬುದು ಆಗ ಹೊಳೆಯಲಿಲ್ಲ. ಬಕೆಟು ತುಂಬಿ ಹರಿದು ಮೂರನೇ ದಿನ ದೋಣಿಯ ಒಳಗೆ ಪಾದ ಮುಳುಗುವಷ್ಟು ನೀರು. ಲೋಕದಲ್ಲಿ ದೋಣಿಗಳಿಗೆ ಹೊರಗಿನಿಂದ ನೀರು ನುಗ್ಗುತ್ತದೆ. ನಮ್ಮದು ಒಳಗಿನಿಂದ ಮುಳುಗಲು ಹೊರಟಿತ್ತು.

ಇಷ್ಟಾದರೂ ತಮ್ಮಿಂದ ಇನ್ನೂ ಕೆಲವು ಉಪಕಾರಗಳು ಆಗಬಹುದೆಂದು ನಾನು ನಂಬಿದ್ದೆ. ದೋಣಿ ಬುದ್ಧನ ಬಳಿಗೆ ಹೋಗಲಾರದಾದ್ದರಿಂದ ಬುದ್ಧನನ್ನೇ ದಂಡೆಯ ಹತ್ತಿರಕ್ಕೆ ಸಾಗಿಸಿ ಒಂದು ಸುತ್ತು ತಿರುಗಿಸಬೇಕೆಂದೂ, ಅದು ಕಷ್ಟವಾದರೆ ಇಡೀ ಹುಸೇನ್ ಸಾಗರವನ್ನು ಇಪ್ಪತ್ತನಾಲ್ಕು ಡಿಗ್ರಿಗೆ ಇಳಿಸಿ ಎಲ್ಲ ಕಿಟಕಿ ತೆರೆಯಲು ಅನುವು ಮಾಡಬೇಕೆಂದೂ, ಅದೂ ಆಗದಿದ್ದಲ್ಲಿ ತಮ್ಮ ಮುಖವನ್ನು ಹೊರಗೆ ತಿರುಗಿಸಿ ಹಾಯಿಗೆ ತಾವೇ ಊದಿ ದೋಣಿ ನಡೆಸಬೇಕೆಂದೂ ವಿನಂತಿಸುವವಳಿದ್ದೆ. ಅಷ್ಟರಲ್ಲಿ ಒಂದು ದಿನ, ನಡೆಯದ ಆ ದೋಣಿಯಲ್ಲೇ ದಿನಾ ಹೋಗಿ ಕೂರುತ್ತಿದ್ದ ನಮ್ಮ ಮನೆಯವರಿಗೆ ಚುರುಮುರಿ ಡಬ್ಬಿ ಕೊಡಲು ಸಂಜೆ ಐದಕ್ಕೆ ನಾನೇ ಹೋದೆ.

ದೋಣಿ ದಂಡೆಗೆ ಕಟ್ಟಿತ್ತು. ತಾವು ಗುಂಯ್ ಎನ್ನುತ್ತಿದ್ದಿರಿ. ಅವರು ಒಳಗೆ ಶಾಲು ಹೊದ್ದು, ಟೇಪು ಸುತ್ತದ ಆ ಒಂದು ಗಾಜಿಗೆ ಅಂಗೈ ಇಟ್ಟು ಕೂತಿದ್ದರು. ದೂರದಲ್ಲಿ ತನ್ವಿ ತನ್ನ ಪುಟ್ಟ ದೋಣಿಯಲ್ಲಿ ಹೋಗುತ್ತ ಕೈ ಬೀಸಿದಳು. ಅವರೂ ಗಾಜಿನ ಹಿಂದಿನಿಂದ ಬೀಸಿದರು. ಹೇಗಿದೆ ಎಂದು ಕೇಳಿದೆ. “ಭಾಳ ತಂಪ ಐತಿ. ಛಲೋ ಐತಿ” ಎಂದರು. ಮಾನ್ಯರೇ, ನಾನು ಪಲ್ಯಕ್ಕೆ ಉಪ್ಪು ಹಾಕಲು ಮರೆತ ದಿನಗಳಲ್ಲೆಲ್ಲ ಅವರು ಛಲೋ ಐತಿ ಎಂದೇ ಉಂಡೆದ್ದವರು. ಮೂವತ್ತೊಂದು ವರ್ಷ ಕಚೇರಿಯಲ್ಲಿ ಹೇಗೆ ಕೂತಿರಬಹುದೆಂದು ನಾನು ಎಂದೂ ಕಂಡಿರಲಿಲ್ಲ. ಅಂದು ಕಂಡೆ. ಅದೇ ಕೆರೆ, ಅದೇ ಗಾಜು. ಮೂರು ಅಂತಸ್ತು ಕೆಳಗೆ ಇಳಿಸಿದ್ದಷ್ಟೇ ನಾವು ಮಾಡಿದ ಉಪಕಾರ.

ದಂಡೆಯ ಮೇಲೆ ನಿಂತೇ ಡಾಕ್ಟರಿಗೆ ಫೋನು ಮಾಡಿದೆ. ಬೆಳಗಿನ ಆರು ಗಂಟೆಯ ಬಿಸಿಲಿಗೆ ಅಡ್ಡಿ ಇದೆಯೇ ಎಂದು ಕೇಳಿದೆ. ಆ ಹೊತ್ತಿಗೆ ಅವರು ದಿನಾ ವಾಕಿಂಗ್ ಹೋಗುತ್ತಾರಲ್ಲ, ಅದಕ್ಕೇನು ಅಡ್ಡಿ ಎಂದರು ಡಾಕ್ಟರು. ಈ ಪ್ರಶ್ನೆಯನ್ನು ಶಿವರಾತ್ರಿಯ ಮರುದಿನವೇ ಕೇಳಬಹುದಿತ್ತು. ಕೇಳಲಿಲ್ಲ, ಯಾಕೆಂದರೆ ಉತ್ತರ ನನಗೆ ಬೇಕಿರಲಿಲ್ಲ. ಆ ಕಬ್ಬಿಣದ ಕುರ್ಚಿಯಿಂದ ನಾನು ಇನ್ನೂ ಎದ್ದಿರಲಿಲ್ಲ. ಇದು ತಮ್ಮ ತಪ್ಪಲ್ಲ. ನನ್ನ ಹೆದರಿಕೆಗೆ ತಾವು ಒಂದು ಟನ್ ತೂಕದ ನೆಪವಾಗಿ ಒದಗಿದಿರಿ, ಅದಕ್ಕಾಗಿ ಕೃತಜ್ಞಳು.

ಆದ್ದರಿಂದ ಮಾಡಿ ಮುಗಿಸಿದ್ದನ್ನು ತಿಳಿಸುತ್ತೇನೆ. ಕಳೆದ ಭಾನುವಾರ ನನ್ನ ಅಪ್ಪಣೆಯಂತೆ ಭೀಮಾಶಂಕರ ತಮ್ಮನ್ನು ಬಿಚ್ಚಿದ. “ಕೂಡಸಾಕ ಹನ್ನೊಂದ ದಿನ, ಬಿಚ್ಚಾಕ ಒಂದ ತಾಸ್ರಿ ಅವ್ವಾರ” ಎಂದು ಅವನು ನಕ್ಕಾಗ ದೋಣಿ ನೆಟ್ಟಗೆ ನಿಂತಿತ್ತು. ತಮ್ಮನ್ನು ಸನತ್‌ನಗರದ ಕಾರ್ಖಾನೆಯಲ್ಲಿ ಕೆಲಸಗಾರರು ಊಟ ಮಾಡುವ ತಗಡಿನ ಕೋಣೆಗೆ ವರ್ಗ ಮಾಡಲಾಗಿದೆ. ಅಲ್ಲಿಯ ಗೋಡೆ ಅಳ್ಳಾಡುವುದಿಲ್ಲ, ಅಲ್ಲಿಯ ಜನಕ್ಕೆ ಸೆಕೆ ಏನೆಂದು ಗೊತ್ತು. ವಿಶ್ವಜಿತ್ ಅಕ್ಕಿ ಮೂಟೆ ಹೊತ್ತು ತಂದು ಉಗ್ರಾಣದಲ್ಲಿಟ್ಟ.

ಸೋಮವಾರ ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷ ಇರುವಾಗ ನಾನು ಇಳಕಲ್ ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು ದೋಣಿ ಹತ್ತಿದೆ. ಹೌದು, ನಾನೇ. ಒಬ್ಬರನ್ನೇ ಕಳಿಸಲು ನಾನೇನೂ ಒಪ್ಪಿರಲಿಲ್ಲ. ಹಗ್ಗವನ್ನು ಅವರೇ ಬಿಚ್ಚಿದರು. ತನ್ವಿ ಹಾಯಿ ಎತ್ತಿದಳು. ಗಾಳಿ ಬರಲಿಲ್ಲ. ಬಾ ಎಂದೆ, ಬರಲಿಲ್ಲ. ದಂಡೆಯಿಂದ ನಾಲ್ಕು ಮಾರು ತೇಲಿ, ಕೆರೆಯ ವಾಸನೆಯ ನಡುವೆ, ಇಪ್ಪತ್ತು ನಿಮಿಷ ಕಾದೆವು. ನಲವತ್ತೆಂಟು ವರ್ಷದಲ್ಲಿ ನನ್ನ ಮಾತು ಕೇಳದಿದ್ದ ಮೊದಲನೆಯದು ಅದು, ಮತ್ತು ನಮ್ಮ ಮನೆಯವರು ಅದನ್ನು ನೋಡಿ ಬಾಯಿಗೆ ಟವೆಲ್ಲು ಒತ್ತಿಕೊಂಡು ನಗುತ್ತಿದ್ದರು. ಆಮೇಲೆ ಅದು ತನ್ನ ಮನಸ್ಸಿಗೆ ಬಂದಾಗ ಬಂತು. ಹಾಯಿ ಒಮ್ಮೆಗೇ ಉಬ್ಬಿ, ದೋಣಿ ಓರೆಯಾಗಿ ಓಡಿ, ನನ್ನ ಕೈ ಅವರ ತೋಳು ಹಿಡಿದು, ಬುದ್ಧ ನಮ್ಮ ಬಲಕ್ಕೆ ಬಂದು, ಬೆನ್ನು ತೋರಿಸಿ, ಮತ್ತೆ ಮುಖ ತೋರಿಸಿದ. ಒಂದು ಸುತ್ತು. ತನ್ವಿ ನನ್ನನ್ನೇ ನೋಡುತ್ತಿದ್ದಳು. ಮಾತು ಮಾತೇ. ಹೇಳಿದೆ:

“ಕಟ್ಟಿದ ಹಗ್ಗ ಬಿಚ್ಚಿತ್ತು, ಮಡಚಿದ ಹಾಯಿ ಉಬ್ಬಿತ್ತು,
ಬುದ್ಧನ ಬಾಜೂಕ ಬೀಸಿದ ಗಾಳಿ ಹಣಿ ಬೆವರ ಒರಸಿತ್ತು,
ಮಲ್ಲಿಕಾರ್ಜುನರು ಪಕ್ಕಕ್ಕ ಕೂತ್ರ ಎ.ಸಿ. ಯಾಕ ಬೇಕಿತ್ತು?”

ಅವರು ಛಲೋ ಐತಿ ಎನ್ನಲಿಲ್ಲ. “ಇನ್ನೊಂದು ಸುತ್ತು” ಎಂದರು. ಹೋದೆವು.

ತಮ್ಮ ಹೊಸ ಹುದ್ದೆಯಲ್ಲಿ ತಮಗೆ ಕೆಲಸವೂ, ಕೆಲಸಗಾರರಿಗೆ ತಂಪೂ ತಪ್ಪದಿರಲೆಂದು ಹಾರೈಸುವ

ತಮ್ಮ ವಿಶ್ವಾಸಿ,
ತುಳಸಾಬಾಯಿ ಮಲ್ಲಿಕಾರ್ಜುನ
ಕಾಚಿಗುಡ, ಹೈದರಾಬಾದ್

ತಾ.ಕ.: ತಮ್ಮ ರಿಮೋಟನ್ನು ನಾನು ಕಳಿಸಿಲ್ಲ. ಅದರ ಎರಡು ಸೆಲ್ಲುಗಳನ್ನು ಟಿ.ವಿ. ರಿಮೋಟಿಗೆ ಹಾಕಿಕೊಂಡಿದ್ದೇನೆ. ಕಾರ್ಖಾನೆಯಲ್ಲಿ ತಮ್ಮನ್ನು ಹಚ್ಚುವವರು, ಆರಿಸುವವರು ಇನ್ನು ಮುಂದೆ ಗುಂಡಿಯನ್ನು ಕೈಯಿಂದಲೇ ಒತ್ತುತ್ತಾರೆ. ದೊಡ್ಡವರು ಎದುರಿಗೆ ಬಂದು ಹೇಳಿದಾಗಲೇ ಮಾತು ಕೇಳುವ ಅಭ್ಯಾಸ ತಮಗೂ ಆಗಲಿ. ಮಾತು ಕೇಳುವುದರಿಂದ ಗಾಳಿಗೆ ಮಾತ್ರ ವಿನಾಯಿತಿ ಕೊಟ್ಟಿದ್ದೇನೆ.