ಒರೆಸಿದ ಆಶೀರ್ವಾದ

ತನ್ನ ಕಾರಿನ ಮೇಲೆ ಒಂದೇ ಒಂದು ಹನಿ ನೀರೂ ತಾನಾಗಿ ಒಣಗಕೂಡದು ಎಂದು ಎಲ್ ಆಲ್ಟೊ ಊರಿನ ಕ್ಷೌರಿಕ ನೆಮೇಸಿಯೊ ಭೀಷ್ಮಪ್ರತಿಜ್ಞೆ ಮಾಡಿದ್ದ. ಇಪ್ಪತ್ತೆರಡು ವರ್ಷ ಊರವರ ತಲೆ ತೊಳೆದು ಒರೆಸಿದ ಕೈ ಅದು. ಒಂದು ಕತ್ತಾದರೂ ಒದ್ದೆಯಾಗಿ ಅವನ ಅಂಗಡಿಯಿಂದ ಹೊರಬಿದ್ದದ್ದಿಲ್ಲ. ಹಾಗಿರುವಾಗ ಜೀವಮಾನದ ಮೊದಲ ಕಾರು, ಅದೂ ದಾಳಿಂಬೆ ಬಣ್ಣದ್ದು, ಮನೆಗೆ ಬಂದರೆ ಸುಮ್ಮನೆ ಬಿಡುತ್ತಾನೆಯೇ?

ಹನಿ ಒಣಗಿದರೆ ಸುಣ್ಣದ ಕಲೆ ಉಳಿಯುತ್ತದೆ, ಕಲೆ ಬಣ್ಣವನ್ನು ತಿನ್ನುತ್ತದೆ ಎಂಬುದು ಅವನ ವೇದಾಂತ. ಅದಕ್ಕೊಂದು ಶಾಸ್ತ್ರವನ್ನೇ ಕಟ್ಟಿದ್ದ. ಬಿಸಿಲಲ್ಲಿ ತೊಳೆಯಕೂಡದು. ಮೇಲಿನಿಂದ ಶುರುಮಾಡಿ ಕೆಳಗಿಳಿಯಬೇಕು. ದೊಡ್ಡ ಟವೆಲನ್ನು ಹಾಸಿ ಮೆಲ್ಲಗೆ ಎಳೆಯಬೇಕು, ಉಜ್ಜಿದರೆ ಗೀರು ಬೀಳುತ್ತದೆ. ಗಾಜಿಗೆ ರಬ್ಬರ್ ಪಟ್ಟಿ, ಬಾನೆಟ್ಟಿಗೆ ಮೆತ್ತನೆಯ ಕುರಿಚರ್ಮ, ಬಾಗಿಲ ಸಂದಿಗೆ ಅಂಗಡಿಯ ಹೇರ್ ಡ್ರೈಯರ್. ನನ್ನ ತಲೆಯನ್ನು ಒಂದು ದಿನವಾದರೂ ಹೀಗೆ ಒಣಗಿಸಿದ್ದೀರಾ ಎಂದು ಹೆಂಡತಿ ಬಸಿಲಿಯಾ ಕೇಳಿದ್ದೂ ಉಂಟು. ಅವನು ಕೇಳಿಸಿಕೊಂಡಿರಲಿಲ್ಲ, ಡ್ರೈಯರ್ ಸದ್ದು ಮಾಡುತ್ತಿತ್ತು.

ಆಗಸ್ಟಿನ ಒಂದು ಭಾನುವಾರ ಇಬ್ಬರೂ ಕಾರನ್ನು ಸರೋವರದಾಚೆಯ ಯಾತ್ರಾಸ್ಥಳ ಕೋಪಕಬಾನಕ್ಕೆ ಒಯ್ದರು. ಅಲ್ಲಿನ ಮಾತೆಯ ಆಶೀರ್ವಾದವಿಲ್ಲದೆ ಓಡುವುದು ಕಾರಲ್ಲ, ಶವಪೆಟ್ಟಿಗೆ ಎಂಬುದು ಬಸಿಲಿಯಾಳ ತೀರ್ಮಾನ. ಇಗರ್ಜಿಯ ಮುಂದೆ ಕಾರಿಗೆ ಹೂಮಾಲೆ ಹಾಕಿದ್ದಾಯಿತು. ಪಾದ್ರಿ ಕುಂಚವನ್ನು ಬಕೆಟ್ಟಿನಲ್ಲಿ ಅದ್ದಿ ಪವಿತ್ರ ಜಲ ಎರಚಿದರು. ಬಸಿಲಿಯಾ ಬಿಯರ್ ಬಾಟಲಿ ಕುಲುಕಿ, ಭೂತಾಯಿಯ ಪಾಲೆಂದು ಚಕ್ರಗಳಿಗೂ ಬಾನೆಟ್ಟಿಗೂ ಚಿಮ್ಮಿಸಿದಳು. ಇನ್ನು ಅದು ತಾನಾಗಿ ಒಣಗಬೇಕು, ಊರು ಮುಟ್ಟುವ ತನಕ ಯಾರೂ ಮುಟ್ಟಬಾರದು. ಇದು ಅಲ್ಲಿನ ಎಳೆಮಗುವಿಗೂ ಗೊತ್ತು.

ನೆಮೇಸಿಯೊನಿಗೂ ಗೊತ್ತಿತ್ತು. ಆದರೆ ನೆತ್ತಿಯ ಮೇಲೆ ಸುಡುಬಿಸಿಲು, ಬಾನೆಟ್ಟಿನ ಮೇಲೆ ಬಿಯರು! ಹೆಂಡತಿ ಒಳಗೆ ಮೇಣದ ಬತ್ತಿ ಹಚ್ಚಿ ಬರುವಷ್ಟರಲ್ಲಿ ಕುರಿಚರ್ಮದಿಂದ ಎಲ್ಲವನ್ನೂ ನುಣ್ಣಗೆ ಎತ್ತಿಬಿಟ್ಟಿದ್ದ.

"ಒರೆಸಿಬಿಟ್ರಾ?"

"ನೀರನ್ನಷ್ಟೇ ಕಣೇ ಒರೆಸಿದ್ದು. ಆಶೀರ್ವಾದ ಆಗ್ಲೇ ಒಳಗಿಳಿದಿದೆ."

"ಹಾಗಾದ್ರೆ ಅದನ್ನೇ ಪಕ್ಕದಲ್ಲಿ ಕೂರಿಸ್ಕೊಂಡು ಹೋಗಿ. ಈ ಕಾರಲ್ಲಿ ನಾನಿನ್ನು ಕಾಲಿಡಲ್ಲ."

ಅವಳು ಬೈಯಲಿಲ್ಲ, ಬಸ್ಸು ಹತ್ತಿದಳು. ಇಷ್ಟು ವರ್ಷ ಬಸ್ಸಿನ ನೂಕುನುಗ್ಗಲಲ್ಲಿ ಅವಳು ನಿಂತೇ ಹೋಗಿದ್ದಾಳೆ, ಒಮ್ಮೆಯಾದರೂ ರಾಣಿಯ ಹಾಗೆ ಪಕ್ಕದಲ್ಲಿ ಕೂರಿಸಬೇಕು ಎಂದೇ ನೆಮೇಸಿಯೊ ಕಾರು ಕೊಂಡದ್ದು. ಈಗ ಆ ಸೀಟು ಖಾಲಿಯಾಗಿತ್ತು.

ಊರಿಗೆ ಮರಳುವ ದಾರಿಯಲ್ಲಿ ತಿಕಿನಾ ಎಂಬ ಕಡವು. ಅಲ್ಲಿ ಸರೋವರ ಕಿರಿದಾಗುತ್ತದೆ. ಜನ ದೋಣಿಯಲ್ಲಿ ದಾಟುತ್ತಾರೆ, ಕಾರುಗಳು ಮರದ ತೆಪ್ಪದಲ್ಲಿ. ನೆಮೇಸಿಯೊ ಬರುವಷ್ಟರಲ್ಲಿ ಬಸಿಲಿಯಾ ಆಚೆ ದಡ ಸೇರಿದ್ದಳು. ಅವಳ ಕರಿ ಟೋಪಿ ಮಾತ್ರ ಸಾಸಿವೆಕಾಳಿನಷ್ಟು ಕಾಣುತ್ತಿತ್ತು. ತೆಪ್ಪದ ಮುದುಕ ಅನಿಸೇತೊ ಕಾರನ್ನು ದಿಟ್ಟಿಸಿ, ಹೂವೇನೋ ಇದೆ, ಹನಿ ಎಲ್ಲಿ ಎಂದು ಕೇಳಿದ. ನೆಮೇಸಿಯೊ ಸುಣ್ಣದ ಕಲೆಯ ವೇದಾಂತವನ್ನು ವಿಸ್ತಾರವಾಗಿ ಬೋಧಿಸಿದ. ಮುದುಕ ಹಲಗೆಯನ್ನೊಮ್ಮೆ ಕಾಲಿನಿಂದ ಒತ್ತಿ ನೋಡಿ ತೆಪ್ಪ ಬಿಟ್ಟ.

ನಡುನೀರಿಗೆ ಬಂದಾಗ ಗಾಳಿ ನಿಂತಿತು. ಮೋಟಾರು ಗುಡುಗುಡು ಎನ್ನುತ್ತಲೇ ಇತ್ತು, ಆದರೆ ಆಚೆ ದಡದ ಟೋಪಿ ಸಾಸಿವೆಕಾಳಿನಷ್ಟೇ ಉಳಿಯಿತು. ಹಿಂದೆ ತಿರುಗಿದರೆ ಬಿಟ್ಟುಬಂದ ದಡವೂ ಇದ್ದಲ್ಲೇ ಇತ್ತು. ಆಗ ಬಾನೆಟ್ಟಿನ ಮೇಲೆ ಒಂದು ಹನಿ ಕಂಡಿತು.

ನೆಮೇಸಿಯೊ ಆಕಾಶ ನೋಡಿದ. ಒಂದು ಎಳೆ ಮೋಡವೂ ಇರಲಿಲ್ಲ. ಹನಿ ಎರಡಾಯಿತು, ಏಳಾಯಿತು, ಪಾದ್ರಿಯ ಕುಂಚ ಎಲ್ಲೆಲ್ಲಿ ಎರಚಿತ್ತೋ ಅಲ್ಲಲ್ಲೇ ಮೂಡಿತು. ಬಿಯರಿನ ವಾಸನೆಯೂ ಬಂತು. ಆದರೂ ಹುಟ್ಟುಗುಣ ಸುಟ್ಟರೂ ಹೋಗದು. ಕುರಿಚರ್ಮ ತೆಗೆದು ಒರೆಸಿದ. ಹಲಗೆಗಳ ಸಂದಿಯಿಂದ ನೀರು ಸದ್ದಿಲ್ಲದೆ ಒಂದು ಬೆರಳು ಮೇಲೆ ಬಂತು. ಹನಿಗಳು ಮತ್ತೆ ಮೂಡಿದವು. ಮತ್ತೆ ಒರೆಸಿದ. ನೀರು ಬೂಟಿನೊಳಗೆ ಇಳಿಯಿತು. ಕೆಳಗೆ ಯಾರೋ ಅಂಗೈಯಿಂದ ತೆಪ್ಪದ ತಳವನ್ನು ಸವರಿದ ಹಾಗಾಯಿತು, ಉಜ್ಜದೆ, ಮೆಲ್ಲಗೆ ಎಳೆದು.

"ಯಜಮಾನ್ರೇ, ಸಾಕು ಮಾಡಿ," ಎಂದ ಅನಿಸೇತೊ. "ಹಿಂದೆ ಒಬ್ರು ಮೇಷ್ಟ್ರೂ ನಿಮ್ಮ ಹಾಗೇ ಒರೆಸ್ತಾ ಬಂದ್ರು."

"ಏನಾಯ್ತಜ್ಜ ಅವರಿಗೆ?"

"ಗೊತ್ತಿಲ್ಲ. ಇನ್ನೂ ದಡಕ್ಕೆ ಬಂದಿಲ್ಲ."

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದು ಗಾದೆ ಹೇಳುವವರು ನಡುನೀರಿನಲ್ಲಿ ಹಾಗೆ ಹೇಳುವುದಿಲ್ಲ. ನೆಮೇಸಿಯೊ ಕೈಮುಗಿದು ಏನು ಮಾಡಲಿ ಎಂದು ಕೇಳಿದ. ತೆಗೆದುಕೊಂಡದ್ದನ್ನು ವಾಪಸು ಕೊಡಿ ಎಂದ ಮುದುಕ. ನೆಮೇಸಿಯೊ ಕುರಿಚರ್ಮವನ್ನು ಬಾನೆಟ್ಟಿನ ಮೇಲೆ ಹಿಂಡಿದ. ಒಂದು ಲೋಟ ನೀರೂ ಹಿಡಿಯದ ಚರ್ಮ ಅದು. ಹಿಂಡಿದಷ್ಟೂ ಸುರಿಯಿತು. ಕಾರು ತೊಯ್ದಿತು, ಅವನ ಟೋಪಿ, ಕೋಟು, ಚಡ್ಡಿಯವರೆಗೆ ಎಲ್ಲ ತೊಯ್ದವು. ಕೊನೆಯ ಹನಿ ಬಿದ್ದ ಮೇಲೆ ಗಾಳಿ ಬೀಸಿತು, ಹಲಗೆಯ ನೀರು ಇಳಿಯಿತು, ತೆಪ್ಪ ಮುಂದೆ ಸಾಗಿತು.

ದಡದಲ್ಲಿ ಬಸಿಲಿಯಾ ಕಾರಿಗೆ ಒಂದು ಸುತ್ತು ಬಂದಳು. ಮೈತುಂಬ ಹನಿ, ಕೆಲವು ಆಗಲೇ ಒಣಗಿ ಅಂಚು ಬೆಳ್ಳಗಾಗಿತ್ತು. ನೆಮೇಸಿಯೊನ ಬೆರಳು ತುರಿಸಿದವು, ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. ಅವಳು ಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ ಕುಳಿತಳು. ಅವನಿಗೆ ಕಣ್ಣು ತುಂಬಿ ಬಂತು. ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದವು. ತಲೆಯಾದರೂ ಒರೆಸಿಕೊಳ್ಳೋಣ ಎಂದು ದೊಡ್ಡ ಟವೆಲಿಗೆ ಕೈ ಚಾಚಿದ. ಅವಳು ಅದನ್ನು ಎಳೆದುಕೊಂಡು ಮಡಿಲಲ್ಲಿ ಮಡಚಿಟ್ಟಳು.

"ಮುಟ್ಬೇಡಿ. ನಿಮ್ಮ ಮೇಲೆ ಬಿದ್ದಿರೋದೂ ಅದೇ ನೀರು. ತಾನಾಗಿ ಒಣಗ್ಲಿ. ಆಮೇಲೆ ಹತ್ತಿ."

ಹೀಗೆ ಒಣಗಿಸುವ ಶಾಸ್ತ್ರದ ಮಹಾಪಂಡಿತ ಸರೋವರದ ಚಳಿಗಾಳಿಯಲ್ಲಿ ಎರಡೂ ತೋಳು ಚಾಚಿ ರಸ್ತೆ ಬದಿಯಲ್ಲಿ ಒಂದೂವರೆ ಗಂಟೆ ನಿಂತ. ಹಾದುಹೋದ ಬಸ್ಸಿನವರೆಲ್ಲ ಯಾವುದೋ ಹೊಸ ಸಂತನ ಪ್ರತಿಮೆ ಎಂದುಕೊಂಡು ಟೋಪಿ ತೆಗೆದು ಶಿಲುಬೆ ಗುರುತು ಹಾಕಿಕೊಂಡರು. ಒಬ್ಬಳು ಅಜ್ಜಿಯಂತೂ ಬಸ್ಸಿಳಿದು ಬಂದು ಅವನ ಮೇಲೆ ಒಂದು ಬಾಟಲಿ ಬಿಯರು ಸುರಿದು ಹೋದಳು.