ದೋಸೆ ಹಿಟ್ಟಿಗೂ ಕೂಗುವ ಗ್ಯಾಸ್ ಅಲಾರಮ್ ಅವರಿಗೆ

ನಮ್ಮ ಮೋಟರ್‌ಹೋಮಿನ ಅಡುಗೆ ಕಪಾಟಿನ ಕೆಳಗೆ, ನೆಲದಿಂದ ಒಂದು ಗೇಣು ಎತ್ತರದಲ್ಲಿ ಕುಳಿತು, ರಜೆ ಸಂಬಳ ಎರಡನ್ನೂ ಕೇಳದೆ ಸೇವೆ ಸಲ್ಲಿಸುತ್ತಿರುವ ಗ್ಯಾಸ್ ಅಲಾರಮ್ ಅವರ ಸಮ್ಮುಖಕ್ಕೆ, ಅದೇ ಗಾಡಿಯ ನಿವಾಸಿ ವಸಂತಾ ಮಾಡುವ ಅನೇಕ ನಮಸ್ಕಾರಗಳು.

ಮಾನ್ಯರೇ,

ಮೊನ್ನೆ ಬೆಳಗಿನ ಜಾವ ನನಗೊಂದು ಕೆಟ್ಟ ಕನಸು ಬಿತ್ತು. ನಮ್ಮ ಗಾಡಿ ತಾನಾಗಿಯೇ ಇಳಿಜಾರಿನಲ್ಲಿ ಸಮುದ್ರದ ಕಡೆಗೆ ಹೊರಟಿತ್ತು, ಒಳಗೆ ನಾನು ಉದ್ದಿನಬೇಳೆ ತೊಳೆಯುತ್ತಿದ್ದೆ, ನಮ್ಮ ಯಜಮಾನರು ಅಶ್ವತ್ಥ ಅವರು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಹಿಂದೆ ಓಡಿ ಬರುತ್ತಿದ್ದರು, ಮತ್ತು ತಾವು ನನ್ನ ಏಳನೇ ಕ್ಲಾಸಿನ ವಿಜ್ಞಾನದ ಮೇಷ್ಟ್ರ ದನಿಯಲ್ಲಿ “ವಸಂತಾ, ಎದ್ದು ನಿಲ್ಲು, ಅನಿಲ ಎಂದರೇನು?” ಎಂದು ಕೇಳುತ್ತಿದ್ದಿರಿ. ಆ ಪ್ರಶ್ನೆಗೆ ಅಂದೂ ಉತ್ತರ ಬರಲಿಲ್ಲ. ಆ ವರ್ಷವೇ ಶಾಲೆ ಬಿಟ್ಟೆ, ಮದುವೆಯಾದ ಮೇಲೆ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿ ಮತ್ತೆ ವಿಜ್ಞಾನದಲ್ಲೇ ಫೇಲಾದೆ. ಆದ್ದರಿಂದ ಈ ಪತ್ರದಲ್ಲಿ ವಿಜ್ಞಾನದ ತಪ್ಪುಗಳಿದ್ದರೆ ತಾವು ದೊಡ್ಡ ಮನಸ್ಸು ಮಾಡಬೇಕು.

ಮೊದಲು ತಮ್ಮ ಕಾರ್ಯದಕ್ಷತೆಯ ಬಗ್ಗೆ ಎರಡು ಮಾತು. ನಲವತ್ತು ವರ್ಷದಿಂದ ನಮ್ಮ ಸಂಸಾರದಲ್ಲಿ ಗಾಬರಿಯ ಇಲಾಖೆ ನನ್ನ ಕೈಯಲ್ಲಿತ್ತು. ಬಾಗಿಲು ಹಾಕಿದೆವೋ ಇಲ್ಲವೋ, ಇಸ್ತ್ರಿ ಪೆಟ್ಟಿಗೆ ಆರಿಸಿದೆವೋ ಇಲ್ಲವೋ, ಹ್ಯಾಮಿಲ್ಟನ್ನಿನಲ್ಲಿ ನರ್ಸ್ ಆಗಿರುವ ಮಗಳು ರಚನಾ ಡ್ಯೂಟಿ ಮುಗಿಸಿ ಊಟ ಮಾಡಿದಳೋ ಇಲ್ಲವೋ, ಎಲ್ಲಕ್ಕೂ ನಾನೊಬ್ಬಳೇ ಸಾಕಾಗಿದ್ದೆ. ತಾವು ಅರ್ಜಿ ಹಾಕದೆ, ಯಾರ ಶಿಫಾರಸೂ ಇಲ್ಲದೆ, ಗಾಡಿಯ ಜೊತೆಗೇ ಬಂದು ಆ ಹುದ್ದೆಯಲ್ಲಿ ಕುಳಿತಿರಿ. ನಮ್ಮ ಯಜಮಾನರಂತೂ ಮೊದಲ ದಿನವೇ “ನಿಂಗೆ ತಕ್ಕ ಜೋಡಿ ಸಿಕ್ತು ನೋಡೇ, ಇನ್ಮೇಲೆ ಈ ಗಾಡೀಲಿ ಇಬ್ರು ವಸಂತಾ” ಎಂದು ನಕ್ಕರು. ನಾನು ನಗಲಿಲ್ಲ. ತಾವೂ ನಗಲಿಲ್ಲ.

ಯಜಮಾನರು ವರ್ಕ್‌ಶಾಪಿನಿಂದ ರಿಟೈರ್ ಆದ ಹುಮ್ಮಸ್ಸಿನಲ್ಲಿ ಆಕ್ಲೆಂಡಿನ ಒನೆಹುಂಗಾದ ಮನೆಯನ್ನು ಸೆಪ್ಟೆಂಬರ್ ಕೊನೆಯವರೆಗೆ ಬಾಡಿಗೆಗೆ ಕೊಟ್ಟು, ಈ ಹಳೆಯ ಮೋಟರ್‌ಹೋಮ್ ಕೊಂಡು, ಚಳಿಗಾಲ ಕಳೆಯಲು, ಈ ದೇಶದಲ್ಲಿ ಕೊಂಚ ಬೆಚ್ಚಗಿರುವ ಉತ್ತರ ತುದಿಯ, ಹಿರಿಯರು ಗಾಡಿ ನಿಲ್ಲಿಸಿಕೊಂಡು ವಾಸಿಸುವ ಈ ಪಾರ್ಕಿಗೆ ಬಂದು ನಿಲ್ಲಿಸಿದ್ದು ತಮಗೆ ತಿಳಿದೇ ಇದೆ, ದಾರಿಯುದ್ದಕ್ಕೂ ತಾವೂ ಜೊತೆಗಿದ್ದಿರಿ. ಒನೆಹುಂಗಾದಲ್ಲಿ ಹನ್ನೊಂದು ವರ್ಷವಿದ್ದೆವು, ಪಕ್ಕದವರನ್ನು ನಾನು ಅವರ ಕಸದ ಡಬ್ಬಿಯಿಂದ ಗುರುತು ಹಿಡಿಯುತ್ತಿದ್ದೆ. ಇಲ್ಲಿ ಬಂದ ನಾಲ್ಕನೇ ದಿನಕ್ಕೆ ಹತ್ತೊಂಬತ್ತು ಗಾಡಿಯವರಿಗೂ ನನ್ನ ಹೆಸರು ಬಾಯಿಗೆ ಬಂತು. ಸೊಂಟದ ಆಪರೇಷನ್ ಆಗಿರುವ ಎದುರುಗಾಡಿಯ ನೋಲೀನ್ ನನಗೆ ಸ್ವೆಟರ್ ಹೆಣೆಯುವುದನ್ನು ಕಲಿಸುತ್ತೇನೆಂದು ಬಂದು, ನನ್ನ ಹೆಣಿಗೆ ನೋಡಿ, ತಾನೇ ಕಲಿತು ಹೋದಳು. ಈ ವಯಸ್ಸಿನಲ್ಲಿ ನನಗೆ ಹೊಸದಾಗಿ ಒಬ್ಬ ಗೆಳತಿ ಸಿಕ್ಕಿದ್ದಾಳೆ. ಈ ಜಾಗ ಬಿಟ್ಟು ಹೋಗಲು ನನಗೆ ಇಷ್ಟವಿಲ್ಲವೆಂಬುದನ್ನು ತಾವು ದಯಮಾಡಿ ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕು.

ಏಕೆಂದರೆ ಪಾರ್ಕಿನ ಅಧ್ಯಕ್ಷರಾದ ಗ್ರೇಮ್ ಅವರ ನಿಯಮ ಬಹಳ ಸರಳ. ಯಾವ ಗಾಡಿಯಲ್ಲಿ ಗ್ಯಾಸ್ ಅಲಾರಮ್ ಕೂಗಿದರೂ ಎಲ್ಲರೂ ಹೊರಗೆ ಬಂದು ಹುಲ್ಲಿನ ಮೇಲೆ ನಿಲ್ಲಬೇಕು, ಆ ಗಾಡಿಯ ಹೆಸರಿಗೆ ಒಂದು ಗುರುತು. ಒಂದು ಚಳಿಗಾಲದಲ್ಲಿ ಮೂರು ಗುರುತಾದರೆ ಆ ಗಾಡಿ ಅದೇ ದಿನ ಪಾರ್ಕ್ ಬಿಡಬೇಕು.

ಇನ್ನು ದೋಸೆ ಹಿಟ್ಟಿನ ಸಮಾಚಾರ. ಇಲ್ಲಿ ಜೂನ್ ಎಂದರೆ ಚಳಿಗಾಲ, ಆ ಚಳಿಯಲ್ಲಿ ರುಬ್ಬಿದ ಹಿಟ್ಟು ಮೂರು ದಿನವಾದರೂ ಉಬ್ಬದೆ ಗೋಡೆಗೆ ಬಳಿಯುವ ಸಿಮೆಂಟಿನಂತೆ ಕುಳಿತಿತ್ತು. ರಚನಾ ಫೋನಿನಲ್ಲಿ “ಅಮ್ಮಾ, ಉಪ್ಪಿಟ್ಟು ಮಾಡ್ಕೊಂಡು ಆರಾಮಾಗಿರಮ್ಮ, ರಿಟೈರ್‌ಮೆಂಟ್‌ನಲ್ಲಿ ಯಾರ್ ರುಬ್ತಾರೆ?” ಎಂದಳು. ನಾನು ಕೇಳಲಿಲ್ಲ. ಹೀಟರಿನ ಬಿಸಿ ಗಾಳಿ ಬರುವ ಕಿಂಡಿಯ ಪಕ್ಕ, ನೆಲದ ಮೇಲೆ, ಯಜಮಾನರ ಹಳೆಯ ಜರ್ಸಿ ಸುತ್ತಿ ಪಾತ್ರೆ ಇಟ್ಟೆ. ಅದು ಸರಿಯಾಗಿ ತಮ್ಮ ಮೂಗಿನ ಕೆಳಗೆ ಎಂದು ನನಗೆ ಹೊಳೆಯಲಿಲ್ಲ.

ಶನಿವಾರ ಬೆಳಿಗ್ಗೆ ಆರೂವರೆಗೆ ತಾವು ಕೂಗಿದ ಕೂಗಿಗೆ ನೋಲೀನ್ ಊರುಗೋಲು ಮರೆತು ನಡೆದೇಬಿಟ್ಟಳು. ಅವಳ ಡಾಕ್ಟರರಿಂದ ಮೂರು ತಿಂಗಳಲ್ಲಿ ಆಗದ್ದು ತಮ್ಮಿಂದ ಮೂರು ಸೆಕೆಂಡಿನಲ್ಲಿ ಆಯಿತು, ಅಭಿನಂದನೆಗಳು. ಪೇಟೆಯಿಂದ ಗ್ಯಾಸ್ ರಿಪೇರಿಯ ಹುಡುಗ ಹೇಮಿ ಬಂದು ಒಲೆ, ಪೈಪು, ಸಿಲಿಂಡರ್ ಎಲ್ಲ ನೋಡಿ ಏನೂ ಇಲ್ಲವೆಂದ, ಆದರೂ ಮೊದಲ ಗುರುತು ಬಿತ್ತು. ಹುಲ್ಲಿನ ಮೇಲೆ ನಡುಗುತ್ತಾ ನಿಂತ ಆ ಹಿರಿಯರನ್ನು ನೋಡಿ ನನಗೆ ತಡೆಯಲಾರದ ಸಂಕೋಚವಾಗಿ, ಉಬ್ಬಿ ನಿಂತಿದ್ದ ಹಿಟ್ಟನ್ನು ಪಾರ್ಕಿನ ಸಮುದಾಯ ಹಾಲ್‌ಗೆ ಹೊತ್ತುಕೊಂಡು ಹೋಗಿ ಎಲ್ಲರಿಗೂ ದೋಸೆ ಹುಯ್ದು ಕೊಟ್ಟೆ. ಅದು ಇನ್ನೊಂದು ತಪ್ಪು. ಅವರು ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆಗೆ ನಾನು ಎರಡರಷ್ಟು ರುಬ್ಬಿದೆ, ತಾವು ಎರಡರಷ್ಟು ಹೊತ್ತು ಕೂಗಿದಿರಿ, ಅಧ್ಯಕ್ಷರು ಬಾಯಲ್ಲಿ ದೋಸೆ ಇಟ್ಟುಕೊಂಡೇ ಎರಡನೇ ಗುರುತು ಹಾಕಿದರು.

ಆ ಸಲ ಹೇಮಿ ಕೈಯಲ್ಲೊಂದು ಮೀಟರ್ ತಂದಿದ್ದ. ಒಲೆಯ ಹತ್ತಿರ ಅದು ಸುಮ್ಮನಿತ್ತು, ಪೈಪಿನ ಹತ್ತಿರ ಸುಮ್ಮನಿತ್ತು, ಪಾತ್ರೆಯ ಮುಚ್ಚಳ ತೆಗೆದದ್ದೇ ಕಿರುಚಿಕೊಂಡಿತು. ಅವನು ನೆಲದ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಗುತ್ತಾ, “ಆಂಟಿ, ನಿಮ್ಮ ಹಿಟ್ಟು ಕುಡಿದುಬಿಟ್ಟಿದೆ” ಎಂಬರ್ಥ ಬರುವಂತೆ ಇಂಗ್ಲಿಷಿನಲ್ಲಿ ಹೇಳಿದ. ಹುದುಗು ಬರುವ ಹಿಟ್ಟಿನ ಹಬೆಯೂ ತಮಗೆ ಗ್ಯಾಸಿನಂತೆಯೇ ತೋರುತ್ತದಂತೆ. ನಮ್ಮ ಮನೆತನದಲ್ಲಿ ಮೂರು ತಲೆಮಾರಿನಿಂದ ಈರುಳ್ಳಿಯನ್ನೂ ಯೋಚಿಸಿ ತಿನ್ನುವವರು, ನನ್ನ ಹಿಟ್ಟಿನ ಮೇಲೆ ತಾವು ಹೊರಿಸಿದ ಈ ಆರೋಪ ಸಣ್ಣದಲ್ಲ ಮಾನ್ಯರೇ.

ಅಧ್ಯಕ್ಷರು ನಿಯಮದಲ್ಲಿ ‘ಅಲಾರಮ್ ಕೂಗಿದರೆ’ ಎಂದಷ್ಟೇ ಇದೆ, ಯಾತಕ್ಕೆ ಕೂಗಿತೆಂದು ಇಲ್ಲ ಎಂದರು. ನಾನು ಇನ್ನು ರುಬ್ಬುವುದಿಲ್ಲವೆಂದು ಮಾತು ಕೊಟ್ಟೆ. ಆಗ ನೋಲೀನ್ ಎದ್ದು ನಿಂತು, ಪ್ರತಿ ಗಾಡಿಗೂ ಎರಡು ಗುರುತಿನವರೆಗೆ ಶಿಕ್ಷೆಯಿಲ್ಲವಲ್ಲ, ತನ್ನ ಎರಡು ಗುರುತು ಸುಮ್ಮನೆ ಹಾಳಾಗುತ್ತಿವೆ, ಈ ವಾರ ಪಾತ್ರೆ ತನ್ನ ಗಾಡಿಯಲ್ಲಿರಲಿ ಎಂದಳು. ಅಲ್ಲಿಂದ ಮುಂದೆ ಪಾತ್ರೆ ವಾರಕ್ಕೊಂದು ಗಾಡಿಯಂತೆ ತಿರುಗುತ್ತಿದೆ, ತಮ್ಮ ಬಳಗದವರು ಒಬ್ಬೊಬ್ಬರಾಗಿ ಕೂಗುತ್ತಿದ್ದಾರೆ, ಕೂಗು ಕೇಳಿದ ಕೂಡಲೇ ಜನ ಹುಲ್ಲಿಗೆ ಬದಲು ತಟ್ಟೆ ಹಿಡಿದುಕೊಂಡು ಹಾಲ್‌ಗೆ ಓಡುತ್ತಿದ್ದಾರೆ. ಇದರಿಂದ ನನ್ನ ಗಾಬರಿ ಇಮ್ಮಡಿಯಾಗಿದೆ. ನಿಜವಾದ ಗ್ಯಾಸ್ ಸೋರಿದ ದಿನವೂ ಇವರು ಚಟ್ನಿ ಕೇಳಿಕೊಂಡು ಬಂದರೆ ನಾನು ಯಾರಿಗೆ ಏನೆಂದು ಹೇಳಲಿ? ಆದಕಾರಣ ತಾವೂ ತಮ್ಮ ಬಳಗದವರೂ ದಯಮಾಡಿ ಉದ್ದಿಗೊಂದು ರಾಗ, ಗ್ಯಾಸಿಗೊಂದು ರಾಗ ಅಭ್ಯಾಸ ಮಾಡಬೇಕೆಂದೂ, ಅದು ಕಷ್ಟವಾದರೆ ಶುಕ್ರವಾರ ಸಂಜೆಯಿಂದ ಶನಿವಾರ ತಿಂಡಿಯವರೆಗೆ ಬರೀ ಮೆಲ್ಲಗೆ ಕೆಮ್ಮಬೇಕೆಂದೂ, ಮೆಂತ್ಯ ಹೆಚ್ಚಾಗಿದ್ದರೆ ಅದನ್ನೂ ಕೂಡಲೇ ತಿಳಿಸಬೇಕೆಂದೂ ಪ್ರಾರ್ಥಿಸುತ್ತೇನೆ.

ಇಷ್ಟೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಕಳೆದ ಶುಕ್ರವಾರ ಅಧ್ಯಕ್ಷರ ಸರದಿ. ಅವರ ಗಾಡಿ ನಮ್ಮೆಲ್ಲರ ಗಾಡಿಗಿಂತ ಬೆಚ್ಚಗಿರುವುದರಿಂದ ಬೆಳಗಾಗುವಷ್ಟರಲ್ಲಿ ಹಿಟ್ಟು ಮುಚ್ಚಳ ತಳ್ಳಿಕೊಂಡು ಉಕ್ಕಿ ಅವರ ಬೂದುಬಣ್ಣದ ಕಾರ್ಪೆಟ್ಟಿನ ಮೇಲೆ ಹರಿದಿತ್ತು. ಆದರೂ ಕೂಗು ಬರಲಿಲ್ಲ. ಅಧ್ಯಕ್ಷರು ಮೊಣಕಾಲೂರಿ ಕಾರ್ಪೆಟ್ ಒರೆಸುತ್ತಲೇ ತೀರ್ಪು ಹೇಳಿದರು: ಇಷ್ಟು ಹಿಟ್ಟಿಗೂ ನನ್ನ ಅಲಾರಮ್ ಸುಮ್ಮನಿದೆಯೆಂದರೆ ನಿಮ್ಮ ಗಾಡಿಯಲ್ಲಿ ಕೂಗಿದ್ದು ಹಿಟ್ಟಿಗಲ್ಲ, ನಿಮ್ಮ ಪೈಪಿನಲ್ಲೇ ದೋಷವಿರಬೇಕು, ಅಂಥ ಗಾಡಿಯನ್ನು ಇಟ್ಟುಕೊಳ್ಳಲಾಗದು. ಬರುವ ಶನಿವಾರ ಸಭೆ ಕರೆದಿದ್ದಾರೆ. ಮಧ್ಯೆ ನೋಲೀನಳ ಗಾಡಿಯಲ್ಲಿ, ಉಳಿದವರ ಗಾಡಿಯಲ್ಲಿ ಕೂಗಿದ್ದು ಲೆಕ್ಕಕ್ಕಿಲ್ಲವೇ ಎಂದು ಯಜಮಾನರು ಕೇಳಿದ್ದಕ್ಕೆ, ಅವೆಲ್ಲ ಅಗ್ಗದ ಅಲಾರಮ್‌ಗಳು, ನನ್ನದು ಒಳ್ಳೆಯ ಕಂಪನಿಯದು ಎಂದರಂತೆ. ತಮ್ಮನ್ನು ಅಗ್ಗದವರೆಂದದ್ದನ್ನು ನಾನಾಗಿ ಹೇಳಬಾರದಿತ್ತು, ಬಾಯಿ ತಪ್ಪಿ ಬಂತು.

ಯಜಮಾನರು ರಾತ್ರಿ ಊಟಕ್ಕೆ ಕುಳಿತಾಗ “ಹೋದ್ರೆ ಹೋಗೋಣ ಬಿಡೇ, ಗಾಲಿ ಇರೋ ಮನೆ ತಾನೇ” ಎಂದರು, ಆದರೆ ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಪಾತ್ರೆ ತರಲು ಅಧ್ಯಕ್ಷರ ಗಾಡಿಯೊಳಗೆ ಹೋದವಳು ನಾನೇ. ಅಲ್ಲಿ ಕಂಡದ್ದನ್ನು ಯಾರಿಗೂ ಹೇಳಿಲ್ಲ. ಹೇಳಿದರೆ ಕಾರ್ಪೆಟ್ ಹಾಳುಮಾಡಿದ್ದಲ್ಲದೆ ದೊಡ್ಡವರ ಮಾನವನ್ನೂ ಕಳೆದ ಹಾಗಾಗುತ್ತದೆ. ಹೇಳದಿದ್ದರೆ ಗ್ರೇಮ್ ಅವರು, ಅಂಥ ನಿಯಮದ ಮನುಷ್ಯರು, ಹೆಂಡತಿ ಹೋದ ಮೇಲೆ ಒಬ್ಬರೇ ಇರುವವರು, ಹೀಟರ್ ಹಾಕಿಕೊಂಡು ಮಲಗುತ್ತಾರಲ್ಲ ಎಂದು ನಾಲ್ಕು ದಿನದಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. ಆದ್ದರಿಂದ ಈ ಪತ್ರವನ್ನು ತಮಗೂ, ಒಂದು ಪ್ರತಿಯನ್ನು ಆಕ್ಲೆಂಡಿನ ನಮ್ಮ ಕನ್ನಡ ಕೂಟದ ಪತ್ರಿಕೆಗೂ, ಇನ್ನೊಂದನ್ನು ಇಂಗ್ಲಿಷ್ ಮಾಡಿ ನೋಲೀನಳಿಗೆ ಓದಿ ಹೇಳೆಂದು ರಚನಾಗೂ ಕಳಿಸುತ್ತಿದ್ದೇನೆ. ಧೈರ್ಯ ಇಷ್ಟೇ ಬಂತು.

ತಮ್ಮ ಮೂಗಿನ ಕೆಳಗೇ ಬಾಳುತ್ತಿರುವ
ತಮ್ಮ ವಿಶ್ವಾಸಿ,
ವಸಂತಾ ಅಶ್ವತ್ಥ

ಮರೆತ ಮಾತು: ಒಳ್ಳೆಯ ಕಂಪನಿಯವರು ಹೊಟ್ಟೆಗೆ ಕರೆಂಟ್ ಇಲ್ಲದೆಯೂ ಕೆಲಸ ಮಾಡುತ್ತಾರೇನೋ ನನಗೆ ಗೊತ್ತಿಲ್ಲ, ನಾನು ವಿಜ್ಞಾನದಲ್ಲಿ ಫೇಲಾದವಳು. ತಮ್ಮಲ್ಲಿ ಸದಾ ಉರಿಯುವ ಹಸಿರು ದೀಪ ಅಧ್ಯಕ್ಷರ ಗಾಡಿಯ ಆ ಅಲಾರಮ್ ಅವರಲ್ಲಿ ಕಾಣಲಿಲ್ಲ, ಹಿಂದಿನ ತಂತಿ ಕಿತ್ತು ಮಡಚಿ ಟೇಪು ಸುತ್ತಿದ ಹಾಗಿತ್ತು. ಆದರೆ ಆವತ್ತು ನಾನು ಕನ್ನಡಕ ಹಾಕಿರಲಿಲ್ಲ, ಕೈಯಲ್ಲಿ ಸೋರುವ ಪಾತ್ರೆ ಬೇರೆ ಇತ್ತು. ಶನಿವಾರದ ಸಭೆಗೆ ಮುಂಚೆ ಯಾರಾದರೂ ಆ ತಂತಿಯೊಂದನ್ನು ಇನ್ನೊಮ್ಮೆ ನೋಡಿ ಹೇಳಿ.